ಸಚಿತ್ರ ಜೀವನಚರಿತ್ರೆ: ಮಕ್ಕಳ ಕೈಗೆ ಕೊಡುವ ಮೊದಲು

ಶಾಲೆಯ ಗ್ರಂಥಾಲಯಕ್ಕೋ ಮನೆಗೋ ಇಂಥ ಪುಸ್ತಕ ಆರಿಸುವಾಗ ಬೆನ್ನುಡಿ ಓದಿ, ಬೆಲೆ ನೋಡಿ ಮುಗಿಸಬೇಡಿ. ಮೊದಲು ಚಿತ್ರ ನೋಡಿ. ಓದಿದ್ದು ಮರೆತರೂ ನೋಡಿದ್ದು ಹುಡುಗರ ತಲೆಯಲ್ಲಿ ಕೂತುಬಿಡುತ್ತದೆ, ತಪ್ಪಾಗಿದ್ದರೂ.

ಕಿತ್ತೂರು ಚೆನ್ನಮ್ಮನ ಪುಸ್ತಕದಿಂದ ಶುರು ಮಾಡಿ. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಥ್ಯಾಕರೆ ಸತ್ತ ಕಿತ್ತೂರಿನ ಯುದ್ಧ ನಡೆದದ್ದು 1824ರ ಅಕ್ಟೋಬರ್ 23ರಂದು. ಒಂದಕ್ಷರವನ್ನೂ ಓದದೆ ಪುಟ ತಿರುವಿ. ಕೋಟೆಯ ಮೇಲೆ ತ್ರಿವರ್ಣ ಧ್ವಜ, ಕಂಪನಿ ಸಿಪಾಯಿಗಳಿಗೆ ಕೆಂಪು ಕೋಟಿನ ಬದಲು ಖಾಕಿ, ಹಿನ್ನೆಲೆಯಲ್ಲಿ ರೈಲು ಕಂಡರೆ ಚಿತ್ರಕಾರರು ಕಾಲವನ್ನು ವಿಚಾರಿಸಿಲ್ಲ ಎಂದರ್ಥ. ನಮ್ಮಲ್ಲಿ ಪ್ರಯಾಣಿಕರ ರೈಲು ಓಡಿದ್ದೇ 1853ರಲ್ಲಿ. ರಾಣಿ ತೀರಿಕೊಂಡದ್ದು 1829ರಲ್ಲಿ, ನಮ್ಮಲ್ಲಿಗೆ ಕ್ಯಾಮೆರಾ ಬರುವ ಮೊದಲೇ. ಆದ್ದರಿಂದ ಪುಸ್ತಕದಲ್ಲಿರುವ ಮುಖ ಕಲ್ಪನೆಯದು. ಅದು ದೋಷವಲ್ಲ, ಆದರೆ ಹಾಗೆಂದು ಒಂದು ಸಾಲು ಬರೆದಿರಬೇಕು. ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್‌ನ ಪ್ರತಿಮೆಯನ್ನು ದಿನಾ ನೋಡುವ ಮಗುವಿಗೆ ಈ ಮಾತು ಇನ್ನೂ ಮುಖ್ಯ.

ಆಮೇಲೆ ಪಠ್ಯ. ದತ್ತುಪುತ್ರನನ್ನು ಕಂಪನಿ ಒಪ್ಪದಿದ್ದ ಪುಟ ತೆಗೆಯಿರಿ. ಅಲ್ಲಿ ಡಾಲ್‌ಹೌಸಿಯ ಹೆಸರಿದ್ದರೆ ಪುಸ್ತಕ ಕೆಳಗಿಡಿ: ಆತ ಗವರ್ನರ್ ಜನರಲ್ ಆದದ್ದು 1848ರಲ್ಲಿ. ದತ್ತುಪುತ್ರನನ್ನು ಡಾಲ್‌ಹೌಸಿ ಒಪ್ಪದಿದ್ದ ಝಾನ್ಸಿಯ ಕಥೆಯನ್ನು ಕಿತ್ತೂರಿಗೆ ಅಂಟಿಸಿದಾಗ ಆಗುವ ತಪ್ಪು ಇದು. ಪಾತ್ರಗಳ ಬಾಯಲ್ಲಿ ಉದ್ದುದ್ದ ಭಾಷಣ ಇದ್ದರೆ, ಅದು ದಾಖಲೆಯ ಮಾತೋ ಲೇಖಕರು ಕಟ್ಟಿದ್ದೋ ಎಂದು ಮುನ್ನುಡಿಯಲ್ಲಿ ಹುಡುಕಿ.

ನಾಯಕರೊಬ್ಬರನ್ನೇ ಬರೆದು ಜೊತೆಗಾರರನ್ನು ಅಳಿಸುವುದು ಇನ್ನೊಂದು ದೊಡ್ಡ ಕೊರತೆ. ಮೋಟೆಬೆನ್ನೂರಿನ ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವಪ್ಪ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದಾಗ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಕೂಡ ಪ್ರಾಣ ಕೊಟ್ಟರು. ಆ ಎರಡು ಹೆಸರು ಪುಸ್ತಕದಲ್ಲಿವೆಯೇ? 1930ರ ದಾಂಡಿ ಯಾತ್ರೆಯ ಚಿತ್ರದಲ್ಲಿ ಮಹಾದೇವಪ್ಪ 18ರ ತರುಣನಂತೆ ಕಾಣಬೇಕು, ನಡುವಯಸ್ಸಿನವರಂತೆ ಅಲ್ಲ.

ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅವರ ಪುಸ್ತಕವಾದರೆ ಪ್ರಶಸ್ತಿಗಳಿಗೆ ಎಷ್ಟು ಪುಟ, ಕಲಿಕೆಗೆ ಎಷ್ಟು ಪುಟ ಎಂದು ಎಣಿಸಿ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಗುರು ಸವಾಯಿ ಗಂಧರ್ವರ ಬಳಿ ಸಂಗೀತ ಕಲಿತದ್ದು, ಜಾತಿಯ ಕಾರಣಕ್ಕೆ ಪಟ್ಟ ಅವಮಾನ, ಇವೆರಡನ್ನೂ ಬಿಟ್ಟ ಪುಸ್ತಕ ಎಷ್ಟೇ ಚಂದವಿದ್ದರೂ ಅರ್ಧ ಜೀವನವನ್ನಷ್ಟೇ ಹೇಳುತ್ತದೆ. ಎಂಟು ವರ್ಷದವರಿಗೂ ಅವಮಾನ ಎಂದರೇನು ಎಂದು ಗೊತ್ತಿರುತ್ತದೆ.

ಮುದ್ರಣವನ್ನು ಕೈಯಲ್ಲಿ ಹಿಡಿದೇ ನೋಡಬೇಕು. 6ರಿಂದ 8ರ ವಯಸ್ಸಿಗೆ 16-18 ಪಾಯಿಂಟ್ ಅಕ್ಷರ, ಪುಟಕ್ಕೆ 40-50 ಶಬ್ದ ಸಾಕು; 9 ದಾಟಿದವರಿಗೆ 14 ಪಾಯಿಂಟ್ ನಡೆಯುತ್ತದೆ. ಸಾಲುಗಳ ನಡುವೆ ಜಾಗ ಕಡಿಮೆಯಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗಿ, ಹೊಸದಾಗಿ ಓದುವವರು ತಡವರಿಸುತ್ತಾರೆ. ಗಾಢ ಬಣ್ಣದ ಚಿತ್ರದ ಮೇಲೆಯೇ ಅಕ್ಷರ ಅಚ್ಚಾಗಿದ್ದರೂ ಅದೇ ಕಷ್ಟ.

ಕೊನೆಗೆ ಒಂದು ಪುಟವನ್ನು ಮಗುವಿನಿಂದ ಜೋರಾಗಿ ಓದಿಸಿ. ಐದಕ್ಕಿಂತ ಹೆಚ್ಚು ಕಡೆ ನಿಂತರೆ ಪುಸ್ತಕ ಇನ್ನೊಂದು ವರ್ಷ ಕಾಯಲಿ. ಈಗಾಗಲೇ ಕೊಂಡ ಪುಸ್ತಕದಲ್ಲಿ ಒಂದೆರಡು ತಪ್ಪು ಸಿಕ್ಕರೆ ಎಸೆಯಬೇಕಿಲ್ಲ. ಸರಿಯಾದ ಇಸವಿ ಬರೆದ ಚೀಟಿಯನ್ನು ಅದೇ ಪುಟಕ್ಕೆ ಅಂಟಿಸಿ, ಮಗುವಿನ ಕೈಯಿಂದಲೇ ಬರೆಸಿ.