ಹಾಲು ಸಾಲದೇನೋ ಅನ್ನಿಸಿದಾಗ ಒದ್ದೆ ಬಟ್ಟೆ ಎಣಿಸಿ

ಮಗಳು ಹುಟ್ಟಿದ ನಾಲ್ಕನೇ ವಾರ ನನ್ನ ಎದೆ ಮೆತ್ತಗಾಯಿತು. ಹಾಲು ಬತ್ತಿಹೋಯಿತು ಅಂತ ರಾತ್ರಿಯೆಲ್ಲ ಅತ್ತಿದ್ದೆ. ಪಂಪ್ ಹಾಕಿ ನೋಡಿದರೆ ಬಾಟಲಿಯ ತಳ ಮಾತ್ರ ಒದ್ದೆ. ಆದರೆ ಪಂಪಿಗೆ ಬಂದಷ್ಟೇ ಹಾಲು ಅಂತಲ್ಲ. ಚೆನ್ನಾಗಿ ಕುಡಿಯುವ ಮಗು ಅದಕ್ಕಿಂತ ಜಾಸ್ತಿ ಎಳೆಯುತ್ತದೆ.

ಸುಮ್ನೆ ಒದ್ದೆ ಬಟ್ಟೆ ಎಣಿಸಿ. ಐದು ದಿನ ದಾಟಿದ ಮಗು 24 ಗಂಟೆಯಲ್ಲಿ 6 ಸಲವಾದರೂ ಉಚ್ಚೆ ಮಾಡಬೇಕು, ತೂಕವೂ ಏರುತ್ತಿರಬೇಕು.

ಹಾಲು ಹೆಚ್ಚಬೇಕಾದರೆ ದಿನಕ್ಕೆ 8ರಿಂದ 12 ಸಲ ಕುಡಿಸಿ, ರಾತ್ರಿಯೂ ತಪ್ಪಿಸಬೇಡಿ. ಮೊಲೆತೊಟ್ಟು ಮಾತ್ರ ಬಾಯಿಗೆ ಸಿಕ್ಕರೆ ಸಾಲದು. ಬಾಯಿ ಅಗಲವಾಗಿ ತೆರೆದ ಕೂಡಲೇ ಮಗುವನ್ನು ಹತ್ತಿರ ಎಳೆದುಕೊಳ್ಳಿ, ಗದ್ದ ಎದೆಗೆ ಒತ್ತಿರಲಿ. ಗುಟುಕ್ ಅಂತ ನುಂಗುವ ಸದ್ದು ಕೇಳಿದಾಗಲೇ ನನಗೆ ಜೀವ ಬಂದದ್ದು.

ಉಚ್ಚೆ ಕಮ್ಮಿಯಾದರೆ, ಮಗು ಕುಡಿಯಲೂ ಏಳದೆ ಮಲಗಿದ್ದರೆ ಕಾಯಬೇಡಿ, ಅವತ್ತೇ ಡಾಕ್ಟರಿಗೆ ತೋರಿಸಿ.