ಐದು ಕಾಗದಗಳಲ್ಲಿ ಐದು ಹೆಸರು: ಜರ್ಮನಿಗೆ ಹೊರಡಲು ನಾವು ಸಿದ್ಧವಾದ ಬಗೆ

2024ರ ಜನವರಿ ಕೊನೆಯ ವಾರದಲ್ಲಿ ಸ್ಟುಟ್‌ಗಾರ್ಟ್ ಬಳಿಯ ಕಂಪನಿಯೊಂದರಿಂದ ನನಗೆ ಕೆಲಸದ ಕರಾರುಪತ್ರ ಬಂದ ದಿನ ಮನೆಯಲ್ಲಿ ಮೊದಲು ನಡೆದ ಚರ್ಚೆ ಎಷ್ಟು ಸೂಟ್‌ಕೇಸ್ ಕೊಳ್ಳಬೇಕು ಎಂಬುದಾಗಿತ್ತು. ಈಗ ಹಿಂತಿರುಗಿ ನೋಡಿದರೆ ಆ ಚರ್ಚೆಯನ್ನು ಜುಲೈವರೆಗೂ ಮುಂದೂಡಬಹುದಿತ್ತು ಎನಿಸುತ್ತದೆ. ಮುಂದಿನ ಏಳು ತಿಂಗಳಲ್ಲಿ ನಮ್ಮ ನಿಜವಾದ ಸಮಯ ಮತ್ತು ತಾಳ್ಮೆಯನ್ನೆಲ್ಲ ತಿಂದದ್ದು ಬೀರುವಿನ ಮೇಲಿನ ಅರೆಯಲ್ಲಿದ್ದ ಹಳೆಯ ಪ್ಲಾಸ್ಟಿಕ್ ಫೈಲು.

ನಾನು ಹಾಸನ ಜಿಲ್ಲೆಯವಳು. ನಮ್ಮ ಕಡೆಯ ಬಹಳಷ್ಟು ಜನರಂತೆ ನನಗೂ ಅಡ್ಡಹೆಸರು ಎಂಬುದಿಲ್ಲ, ಇರುವುದು ಎರಡು ಇನಿಷಿಯಲ್ ಮಾತ್ರ. ಎಚ್ ಎಂದರೆ ಹೊಳೆನರಸೀಪುರ, ಆರ್ ಎಂದರೆ ತಂದೆಯ ಹೆಸರು. ಒಂದು ಭಾನುವಾರ ಎಲ್ಲ ದಾಖಲೆಗಳನ್ನೂ ಪಡಸಾಲೆಯ ನೆಲದ ಮೇಲೆ ಸಾಲಾಗಿ ಹರಡಿ ಒಂದು ಹಾಳೆಯಲ್ಲಿ ಬರೆದುಕೊಳ್ಳತೊಡಗಿದಾಗ ಸಮಸ್ಯೆ ಕಣ್ಣಿಗೆ ಕಟ್ಟಿತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮತ್ತು ಇಂಜಿನಿಯರಿಂಗ್ ಪದವಿ ಪತ್ರದಲ್ಲಿ ಹೆಸರಿನ ಹಿಂದೆ ಎರಡು ಅಕ್ಷರಗಳಿದ್ದವು. ಪ್ಯಾನ್ ಕಾರ್ಡಿನಲ್ಲಿ ಇನಿಷಿಯಲ್‌ಗೆ ಅವಕಾಶವಿಲ್ಲದ್ದರಿಂದ ಅಲ್ಲಿ ತಂದೆಯ ಹೆಸರು ಪೂರ್ತಿಯಾಗಿ ಬಂದು ಊರು ಬಿಟ್ಟುಹೋಗಿತ್ತು. ಪಾಸ್‌ಪೋರ್ಟಿನಲ್ಲಿ ನನ್ನ ಹೆಸರು, ಊರಿನ ಹೆಸರು, ತಂದೆಯ ಹೆಸರು ಮೂರೂ ಒಟ್ಟಾಗಿ ಒಂದೇ ಸಾಲಿನಲ್ಲಿ ಕುಳಿತು ಅಡ್ಡಹೆಸರಿನ ಜಾಗ ಖಾಲಿ ಉಳಿದಿತ್ತು. ಆಧಾರ್‌ನಲ್ಲಿ ಮದುವೆಯ ನಂತರ ಯಾರದೋ ಸಲಹೆ ಕೇಳಿ ಪತಿಯ ಅಡ್ಡಹೆಸರು ಸೇರಿಸಿಕೊಂಡಿದ್ದೆ. ಮಗನ ಜನನ ಪ್ರಮಾಣಪತ್ರದಲ್ಲಿ ತಾಯಿಯ ಹೆಸರು ಎಂಬಲ್ಲಿ ಇವ್ಯಾವುವೂ ಅಲ್ಲದ, ಒಂದು ಅಕ್ಷರ ತಪ್ಪಿದ ಐದನೆಯ ರೂಪವೊಂದಿತ್ತು. ಊರಿನಲ್ಲಿ ಯಾವ ಬ್ಯಾಂಕಾಗಲಿ ಕಚೇರಿಯಾಗಲಿ ಇದನ್ನು ಗಂಭೀರವಾಗಿ ಪ್ರಶ್ನಿಸಿರಲಿಲ್ಲ, ಏಕೆಂದರೆ ಕೌಂಟರಿನ ಆಚೆ ಕುಳಿತವರ ಹೆಸರೂ ಹಾಗೆಯೇ ಇರುತ್ತದೆ. ಆದರೆ ಹೆಸರಿನ ಅರ್ಧಕ್ಕೊಂದು ಪೆಟ್ಟಿಗೆ, ಇನ್ನರ್ಧಕ್ಕೊಂದು ಪೆಟ್ಟಿಗೆ ಬರೆದಿಟ್ಟು ಎರಡನ್ನೂ ತುಂಬಲೇಬೇಕೆನ್ನುವ ದೇಶದ ಅಧಿಕಾರಿಗೆ ಈ ಐವರೂ ಒಬ್ಬಳೇ ಎಂದು ನಂಬಿಸುವುದು ನನ್ನ ಹೊಣೆಯಾಗಿತ್ತು.

ಯಾವುದನ್ನು ಮೂಲವೆಂದು ಹಿಡಿಯಬೇಕೆಂಬ ತೀರ್ಮಾನಕ್ಕೆ ಬರಲು ಒಂದು ವಾರ ಹಿಡಿಯಿತು. ಪದವಿ ಪತ್ರವನ್ನು ತಿದ್ದಿಸುವುದು ಎಲ್ಲಕ್ಕಿಂತ ಕಷ್ಟ. ಆದ್ದರಿಂದ ಅದನ್ನು ಮುಟ್ಟದೆ, ಅದರಲ್ಲಿರುವ ಆರ್ ಅಕ್ಷರಕ್ಕೆ ಹೊಂದುವಂತೆ ತಂದೆಯ ಹೆಸರನ್ನೇ ಅಡ್ಡಹೆಸರಿನ ಜಾಗಕ್ಕೆ ಸರಿಸಿ ಪಾಸ್‌ಪೋರ್ಟನ್ನು ಮರುವಿತರಣೆಗೆ ಹಾಕಿದೆ. 36 ಪುಟಗಳ ಪುಸ್ತಕಕ್ಕೆ ಶುಲ್ಕ 1,500 ರೂಪಾಯಿ. ತತ್ಕಾಲ್ ಆದರೆ ಮೇಲೆ 2,000. ನಾನು ಸಾಮಾನ್ಯ ವಿಧಾನದಲ್ಲೇ ಲಾಲ್‌ಬಾಗ್ ರಸ್ತೆಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗಿದ್ದೆ. ಪತಿಯ ಅಡ್ಡಹೆಸರನ್ನೇ ಹಾಕಿಸಿಕೊಂಡರೆ ಮನೆಯವರೆಲ್ಲರದೂ ಒಂದೇ ಆಗುತ್ತದಲ್ಲ ಎಂದು ಕೆಲವರು ಹೇಳಿದ್ದುಂಟು. ಪತಿ ಉತ್ತರ ಕನ್ನಡದವರು, ಅವರಿಗೆ ಅಡ್ಡಹೆಸರು ಹುಟ್ಟಿನಿಂದಲೇ ಬಂದದ್ದು. ಆದರೆ ಹಾಗೆ ಮಾಡಿದ್ದರೆ ನನ್ನ ಪದವಿಗೂ ಪಾಸ್‌ಪೋರ್ಟಿಗೂ ಇದ್ದ ಒಂದೇ ಒಂದು ಎಳೆಯೂ ಕಡಿದುಹೋಗುತ್ತಿತ್ತು. ಉಳಿದ ವ್ಯತ್ಯಾಸಗಳಿಗೆ, ಈ ಎಲ್ಲ ಹೆಸರುಗಳೂ ಒಬ್ಬಳವೇ ಎಂದು ಛಾಪಾ ಕಾಗದದ ಮೇಲೆ ಪ್ರಮಾಣಪತ್ರ ಬರೆಸಿ ನೋಟರಿ ಮಾಡಿಸಿದೆವು.

ಮದುವೆಯದು ಬೇರೆಯೇ ಕಥೆ. ನೂರಾರು ಜನರ ಮುಂದೆ ಮದುವೆಯಾದವರಿಗೆ ಅದನ್ನು ನೋಂದಾಯಿಸಬೇಕೆಂಬುದು ಎಂಟು ವರ್ಷಗಳ ಕಾಲ ಹೊಳೆದಿರಲಿಲ್ಲ. ಹೆಂಡತಿಯ ಕೆಲಸದ ಮೇಲೆ ಗಂಡ ಹೊರಡಬೇಕಾದರೆ ವಿವಾಹ ನೋಂದಣಿ ಪತ್ರ ಕಡ್ಡಾಯ. ಲಗ್ನಪತ್ರಿಕೆಯ ಒಂದೇ ಒಂದು ಪ್ರತಿ ಹಾಸನದ ಮನೆಯ ದೇವರ ಕೋಣೆಯಲ್ಲಿ ಅರಿಶಿನದ ಮೂಲೆಯೊಂದಿಗೆ ಸಿಕ್ಕಿತು. ಅದನ್ನೂ, ಧಾರೆಯ ಫೋಟೊವನ್ನೂ, ಮೂವರು ಸಾಕ್ಷಿಗಳನ್ನೂ ಕರೆದುಕೊಂಡು ಉಪನೋಂದಣಾಧಿಕಾರಿಗಳ ಕಚೇರಿಗೆ ಹೋದೆವು. ಅರ್ಜಿಯಲ್ಲಿ ನನ್ನ ಹೆಸರನ್ನು ಹೊಸ ಪಾಸ್‌ಪೋರ್ಟಿನಲ್ಲಿದ್ದಂತೆಯೇ ಅಕ್ಷರ ಅಕ್ಷರವಾಗಿ ಬರೆಸಿದೆ. ಪಾಸ್‌ಪೋರ್ಟ್ ಕೈಗೆ ಬರುವವರೆಗೆ ನೋಂದಣಿಯನ್ನು ತಡೆಹಿಡಿದದ್ದು ನಾನು ಸರಿಯಾಗಿ ಯೋಚಿಸಿದ ಕೆಲವೇ ಸಂಗತಿಗಳಲ್ಲಿ ಒಂದು.

ಮಗನ ಜನನ ಪತ್ರದ ತಿದ್ದುಪಡಿಗೆ ಮೂರು ಸಲ ಅಲೆದು ಐದು ವಾರ ಕಾದೆವು. ತಪ್ಪು ನಮ್ಮದೇ, ಆಸ್ಪತ್ರೆಯಲ್ಲಿ ಅರ್ಜಿ ತುಂಬಿದ ದಿನ ನಿದ್ದೆಗೆಟ್ಟ ಅಪ್ಪನೊಬ್ಬ ಬರೆದುಕೊಟ್ಟದ್ದು ಹಾಗೆಯೇ ದಾಖಲಾಗಿತ್ತು. ನಮ್ಮ ರಾಜ್ಯದ ಜನನ ಪತ್ರ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಇರುವುದು ಇಂಥ ಹೊತ್ತಿನಲ್ಲಿ ಎಷ್ಟು ಉಪಕಾರವೆಂಬುದು ಆಮೇಲೆ ತಿಳಿಯಿತು, ಏಕೆಂದರೆ ಕನ್ನಡದಿಂದ ಜರ್ಮನಿಗೆ ಅಧಿಕೃತವಾಗಿ ಅನುವಾದಿಸಿಕೊಡುವವರನ್ನು ಹುಡುಕುವುದಕ್ಕಿಂತ ಇಂಗ್ಲಿಷಿನಿಂದ ಮಾಡಿಕೊಡುವವರನ್ನು ಹುಡುಕುವುದು ಎಷ್ಟೋ ಸುಲಭ.

ಪದವಿಯ ಮಾನ್ಯತೆಯ ವಿಷಯದಲ್ಲಿ ಮಾತ್ರ ಅದೃಷ್ಟ ಚೆನ್ನಾಗಿತ್ತು. ವಿದೇಶಿ ವಿಶ್ವವಿದ್ಯಾಲಯಗಳು ಮತ್ತು ಪದವಿಗಳ ಮಾಹಿತಿಯಿರುವ ಅನಾಬಿನ್ ಎಂಬ ಜರ್ಮನಿಯ ದತ್ತಸಂಚಯದಲ್ಲಿ ನಿಮ್ಮ ವಿಶ್ವವಿದ್ಯಾಲಯದ ಮುಂದೆ ಎಚ್ ಪ್ಲಸ್, ಅಂದರೆ ಮಾನ್ಯತೆ ಇದೆ ಎಂದಿದ್ದು, ಪದವಿಯೂ ಅಲ್ಲಿನದಕ್ಕೆ ಸಮಾನವೆಂದು ನಮೂದಾಗಿದ್ದರೆ ಆ ಎರಡು ಪುಟಗಳನ್ನು ಮುದ್ರಿಸಿ ಅರ್ಜಿಗೆ ಲಗತ್ತಿಸಿದರೆ ಸಾಕು. ಇಲ್ಲವಾದರೆ ಬಾನ್ ನಗರದಲ್ಲಿರುವ ಜೆಡ್‌ಎಬಿ ಎಂಬ ಕಚೇರಿಯಿಂದ ಶುಲ್ಕ ತೆತ್ತು ಹೋಲಿಕೆಯ ಪ್ರಮಾಣಪತ್ರ ತರಿಸಿಕೊಳ್ಳಬೇಕು, ಅದಕ್ಕೆ ತಿಂಗಳುಗಳನ್ನೇ ಎತ್ತಿಡಬೇಕು. ನಾನು ಮೊದಲ ದಿನ ಓದಿದ ಕಾಲೇಜಿನ ಹೆಸರನ್ನು ಹುಡುಕಿ, ಅದು ಕಾಣದೆ ಗಾಬರಿಗೊಂಡಿದ್ದೆ. ಪದವಿ ಕೊಟ್ಟದ್ದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಹುಡುಕಬೇಕಾದದ್ದು ಅದನ್ನು.

ನಾನು ಅರ್ಜಿ ಹಾಕಿದ್ದು ಬ್ಲೂ ಕಾರ್ಡ್ ವರ್ಗದಲ್ಲಿ, ಅಂದರೆ ಪದವಿ ಪಡೆದ ಹೊರದೇಶದ ಉದ್ಯೋಗಿಗಳಿಗೆ ಐರೋಪ್ಯ ಒಕ್ಕೂಟದ ದೇಶಗಳು ಕೊಡುವ ವಾಸ ಮತ್ತು ಕೆಲಸದ ಪರವಾನಗಿಗೆ. 2024ರಲ್ಲಿ ಅದಕ್ಕೆ ಬೇಕಿದ್ದ ಕನಿಷ್ಠ ವಾರ್ಷಿಕ ಸಂಬಳ 45,300 ಯೂರೊ. ಜನ ಸಿಗದ ಕೆಲವು ವೃತ್ತಿಗಳಿಗೆ 41,041.80 ಯೂರೊ. ಈ ಮೊತ್ತ ವರ್ಷ ವರ್ಷವೂ ಬದಲಾಗುವುದರಿಂದ ಕರಾರಿಗೆ ಸಹಿ ಹಾಕುವ ಮುನ್ನ ಆ ವರ್ಷದ ಅಂಕಿಯನ್ನು ನೋಡಿಕೊಳ್ಳಬೇಕು. ಬ್ಲೂ ಕಾರ್ಡ್ ಪಡೆದವರ ಸಂಗಾತಿಗೆ ಜರ್ಮನ್ ಭಾಷೆಯ ಎ1 ಎಂಬ ಮೊದಲ ಹಂತದ ಪರೀಕ್ಷೆಯಿಂದ ವಿನಾಯಿತಿ ಇದೆ. ವಿನಾಯಿತಿ ಇದ್ದರೂ ನನ್ನ ಪತಿ ಇಂದಿರಾನಗರದ ಮ್ಯಾಕ್ಸ್‌ಮುಲ್ಲರ್ ಭವನದಲ್ಲಿ ಆ ಹಂತದ ತರಗತಿಗೆ ಸೇರಿದರು, ಮತ್ತು ಇಲ್ಲಿ ಬಂದ ಮೇಲೆ ಕಸದ ವೇಳಾಪಟ್ಟಿಯಿಂದ ಹಿಡಿದು ಶಾಲೆಯ ಪತ್ರದವರೆಗೆ ಮನೆಯಲ್ಲಿ ಓದಿ ಅರ್ಥ ಹೇಳಿದವರು ಅವರೇ. ಕೆಲಸವಿರುವವರು ಇಂಗ್ಲಿಷಿನಲ್ಲಿ ದಿನ ದೂಡಬಹುದು. ಮನೆ ನಡೆಸುವವರಿಗೆ ಅದು ಸಾಧ್ಯವಿಲ್ಲ. ವೀಸಾ ಶುಲ್ಕ ದೊಡ್ಡವರಿಗೆ ತಲಾ 75 ಯೂರೊ, ಮಗುವಿಗೆ ಅದರ ಅರ್ಧ. ಮೇ ತಿಂಗಳಲ್ಲಿ ಅರ್ಜಿ ಕೊಟ್ಟ ಮೇಲೆ ನಡೆದದ್ದು ಬರೀ ಕಾಯುವುದು.

ಕಾಯುತ್ತಿದ್ದಾಗಲೇ ಊರಿನ ಬಾಕಿಗಳನ್ನು ಮುಗಿಸತೊಡಗಿದೆವು. ಹೊರದೇಶದಲ್ಲಿ ನೆಲೆಸಲು ಹೊರಟವರು ವಿದೇಶಿ ವಿನಿಮಯದ ಕಾನೂನಾದ ಫೆಮಾ ಪ್ರಕಾರ ಸಾಮಾನ್ಯ ಉಳಿತಾಯ ಖಾತೆಯನ್ನು ಹಾಗೆಯೇ ಮುಂದುವರಿಸುವಂತಿಲ್ಲ. ಅದನ್ನು ಎನ್ಆರ್‌ಒ ಎಂಬ ಅನಿವಾಸಿಗಳ ಖಾತೆಯಾಗಿ ಬದಲಿಸಬೇಕು. ನನ್ನ ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಖಾತೆ ಅವಧಿ ಮುಗಿಯುವವರೆಗೆ ನಡೆಯಬಹುದು, ಹೊಸದನ್ನು ತೆರೆಯುವಂತಿಲ್ಲ. ನಮ್ಮ ಚಿಕ್ಕ ಫ್ಲ್ಯಾಟನ್ನು ಬಾಡಿಗೆಗೆ ಕೊಡುವಾಗ ಒಂದು ತೊಡಕು ಎದುರಾಯಿತು. ಮಾಲೀಕರು ಅನಿವಾಸಿಗಳಾದರೆ ಬಾಡಿಗೆದಾರರು ಬಾಡಿಗೆಯಿಂದ ಶೇಕಡಾ 30ರಷ್ಟು ತೆರಿಗೆಯನ್ನು, ಅದರ ಮೇಲಿನ ಸೆಸ್ ಸಹಿತ, ಮೂಲದಲ್ಲೇ ಮುರಿದುಕೊಂಡು ಸರ್ಕಾರಕ್ಕೆ ಕಟ್ಟಬೇಕು. ಇದನ್ನು ಕೇಳಿದ ಕೂಡಲೇ ಇಬ್ಬರು ಹಿಂದೆ ಸರಿದರು. ಮೂರನೆಯವರಿಗೆ ನಮ್ಮ ಲೆಕ್ಕಪರಿಶೋಧಕರೇ ಆ ಕೆಲಸವನ್ನು ಮಾಡಿಕೊಡುವ ಏರ್ಪಾಡು ಮಾಡಿದೆವು. ಫ್ಲ್ಯಾಟಿನ ವ್ಯವಹಾರಕ್ಕಾಗಿ ನನ್ನ ತಮ್ಮನ ಹೆಸರಿಗೆ ಅಧಿಕಾರಪತ್ರವನ್ನು ಹೊರಡುವ ಮೊದಲೇ ಬರೆದುಕೊಟ್ಟೆವು. ಅದನ್ನು ಹೊರಗಿನಿಂದ ಮಾಡಬೇಕಾದರೆ ಭಾರತೀಯ ದೂತಾವಾಸದಲ್ಲಿ ಸಹಿ ಮಾಡಿ, ಪತ್ರ ಊರು ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಒಂದು ಸಹಿಗಾಗಿ ಒಂದು ದಿನದ ರಜೆ ಹೋಗುತ್ತದೆ.

ಗ್ಯಾಸ್ ಸಂಪರ್ಕವನ್ನು ಸಿಲಿಂಡರು, ರೆಗ್ಯುಲೇಟರು ಸಮೇತ ಹಿಂತಿರುಗಿಸಿ ಠೇವಣಿ ಪಡೆದೆವು. ಮೊಬೈಲ್ ಸಂಖ್ಯೆಯನ್ನು ಮಾತ್ರ ಬಿಡಲಿಲ್ಲ. ಬ್ಯಾಂಕು, ಆಧಾರ್, ಆದಾಯ ತೆರಿಗೆ ಎಲ್ಲದರ ಒಟಿಪಿ ಬರುವುದು ಅದೇ ಸಂಖ್ಯೆಗೆ. ಆದ್ದರಿಂದ ಪೋಸ್ಟ್‌ಪೇಯ್ಡ್ ಇದ್ದದ್ದನ್ನು ಪ್ರೀಪೇಯ್ಡ್‌ಗೆ ಬದಲಿಸಿ, ಅಂತರರಾಷ್ಟ್ರೀಯ ರೋಮಿಂಗ್ ತೆರೆಸಿ, ಬೆಂಗಳೂರಿನಲ್ಲಿದ್ದಾಗಲೇ ಎಲ್ಲವೂ ಸರಿಯಿದೆಯೆಂದು ಖಚಿತಪಡಿಸಿಕೊಂಡೆ. ನನ್ನ ಸಹೋದ್ಯೋಗಿಯೊಬ್ಬರು ಸಂಖ್ಯೆಯನ್ನು ಕಳೆದುಕೊಂಡು, ಅದನ್ನು ಬದಲಿಸುವುದಕ್ಕೂ ಅದೇ ಸಂಖ್ಯೆಗೆ ಒಟಿಪಿ ಬರುತ್ತದೆಂಬ ಸುಳಿಯಲ್ಲಿ ತಿಂಗಳುಗಟ್ಟಲೆ ಸಿಕ್ಕಿಕೊಂಡಿದ್ದನ್ನು ನೋಡಿದ್ದೆ.

ಮಗನಿಗೆ ಆರು ತುಂಬಿತ್ತು, ಸೆಪ್ಟೆಂಬರಿಗೆ ಶಾಲೆ. 2020ರ ಮಾರ್ಚ್‌ನಿಂದ ಜರ್ಮನಿಯಲ್ಲಿ ಶಾಲೆಗೂ ಶಿಶುವಿಹಾರಕ್ಕೂ ಸೇರುವ ಮಕ್ಕಳಿಗೆ ದಡಾರದ ಲಸಿಕೆಯ ಪುರಾವೆ ಕಡ್ಡಾಯವಾಗಿದೆ. ನಮ್ಮ ಬಳಿ ಇದ್ದದ್ದು ನೀರು ಬಿದ್ದು ಶಾಯಿ ಹರಡಿದ ತಾಯಿ ಕಾರ್ಡು; ಮಕ್ಕಳ ವೈದ್ಯರು ಅದನ್ನು ನೋಡಿ ಪ್ರತಿಯೊಂದು ಲಸಿಕೆಯ ಹೆಸರು, ದಿನಾಂಕಗಳನ್ನು ತಮ್ಮ ಮುದ್ರೆಯಿದ್ದ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಬರೆದುಕೊಟ್ಟರು. ಅರ್ಧ ಗಂಟೆಯ ಕೆಲಸ. ಇಲ್ಲಿಗೆ ಬಂದು ಮಾಡಿಸಲು ಹೊರಟಿದ್ದರೆ ಏನಾಗುತ್ತಿತ್ತೋ ಹೇಳಲಾರೆ.

ಜೂನ್ ಕೊನೆಗೆ ವೀಸಾ ಬಂತು, ಆಗ ಸೂಟ್‌ಕೇಸಿನ ಸರದಿ. ನಮ್ಮ ಟಿಕೆಟಿನಲ್ಲಿ ತಲಾ 23 ಕಿಲೋದ ಎರಡು ಚೀಲಗಳಿಗೆ ಅವಕಾಶವಿತ್ತು. ಅಮ್ಮ ಹಾಸನದಿಂದ ಬಂದು ಒಂದು ವಾರ ನಮ್ಮೊಡನೆ ಇದ್ದರು. ಅವರು ಎತ್ತಿಟ್ಟದ್ದನ್ನು ನಾನು ಇಳಿಸುವುದು, ನಾನು ಇಳಿಸಿದ್ದನ್ನು ಅವರು ಮತ್ತೆ ತುರುಕುವುದು ನಡೆದೇ ಇತ್ತು. ಐರೋಪ್ಯ ಒಕ್ಕೂಟಕ್ಕೆ ಹೊರಗಿನಿಂದ ಬರುವ ಪ್ರಯಾಣಿಕರು ಹಾಲು ಮತ್ತು ಮಾಂಸದ ಪದಾರ್ಥಗಳನ್ನು ತರುವಂತಿಲ್ಲವಾದ್ದರಿಂದ ಊರಿನ ತುಪ್ಪದ ಡಬ್ಬಿ ಹೊರಗೆ ಬಂತು. ಹಸಿ ಸೊಪ್ಪು, ಹಣ್ಣುಗಳಿಗೆ ಸಸ್ಯ ಆರೋಗ್ಯ ಪತ್ರ ಬೇಕು, ಹಾಗಾಗಿ ಒದ್ದೆ ಬಟ್ಟೆಯಲ್ಲಿ ಸುತ್ತಿದ್ದ ಕರಿಬೇವೂ ಹೊರಗೆ ಬಂತು. ಆದರೆ ಅದೇ ನಿಯಮದಲ್ಲಿ ಅನಾನಸು, ಬಾಳೆಹಣ್ಣು, ಖರ್ಜೂರ, ಡ್ಯೂರಿಯನ್ ಜೊತೆಗೆ ತೆಂಗಿನಕಾಯಿಗೂ ವಿನಾಯಿತಿ ಇದೆ. ಇದನ್ನು ಓದಿ ಹೇಳಿದ ಮೇಲೆ ಅಮ್ಮ ಎರಡು ಸುಲಿದ ಕಾಯಿಗಳನ್ನು ಮಗನ ಸ್ವೆಟರಿನ ನಡುವೆ ಗೆದ್ದವರ ಮುಖ ಮಾಡಿಕೊಂಡು ಇಟ್ಟರು. ಮಿಕ್ಸಿ ತಂದದ್ದು ಒಳ್ಳೆಯದಾಯಿತು. ಇಲ್ಲೂ 230 ವೋಲ್ಟ್, 50 ಹರ್ಟ್ಸ್, ಬದಲಿಸಬೇಕಾದದ್ದು ಪ್ಲಗ್ಗಿನ ಆಕಾರವನ್ನಷ್ಟೇ. ಅಲ್ಯುಮಿನಿಯಂ ಕುಕ್ಕರು ಇಂಡಕ್ಷನ್ ಒಲೆಯ ಮೇಲೆ ಕೆಲಸ ಮಾಡದು ಎಂದು ಯಾರಾದರೂ ಹೇಳಿದ್ದರೆ ಎರಡೂವರೆ ಕಿಲೋ ಉಳಿಯುತ್ತಿತ್ತು.

ಹಣದ ಅಂದಾಜಿನಲ್ಲಿ ನಾವು ಎಡವಿದ್ದು ಮನೆಯ ವಿಷಯದಲ್ಲಿ. ಜರ್ಮನಿಯಲ್ಲಿ ಮುಂಗಡ ಹೆಚ್ಚೆಂದರೆ ಮೂರು ತಿಂಗಳ ಬಾಡಿಗೆ, ಅದೂ ನೀರು, ಶಾಖದ ಖರ್ಚು ಸೇರದ ‘ತಣ್ಣನೆಯ’ ಬಾಡಿಗೆಯ ಲೆಕ್ಕದಲ್ಲಿ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಅಭ್ಯಾಸವಿದ್ದ ನಮಗೆ ಇದು ಅಗ್ಗವಾಗಿ ಕಂಡಿತು. ಆದರೆ ಸ್ಟುಟ್‌ಗಾರ್ಟ್ ಬಳಿಯ ಎಸ್ಲಿಂಗನ್‌ನಲ್ಲಿ ಸಿಕ್ಕ ಮನೆಯ ಬಾಗಿಲು ತೆರೆದಾಗ ಅಡುಗೆಮನೆಯಲ್ಲಿ ಗೋಡೆಯಿಂದ ಹೊರಚಾಚಿದ ಎರಡು ನೀರಿನ ಕೊಳವೆ, ಒಂದು ವಿದ್ಯುತ್ ತಂತಿ, ಅಷ್ಟೇ ಇತ್ತು. ಸಿಂಕಿಲ್ಲ, ಒಲೆಯಿಲ್ಲ, ಕಪಾಟಿಲ್ಲ. ಇಲ್ಲಿ ಎಷ್ಟೋ ಬಾಡಿಗೆದಾರರು ಅಡುಗೆಮನೆಯನ್ನು ಬಿಚ್ಚಿಕೊಂಡು ತಮ್ಮೊಡನೆ ಒಯ್ಯುತ್ತಾರೆ. ಜಾಹೀರಾತಿನಲ್ಲಿ ಅಡುಗೆಮನೆ ಸೇರಿದೆ ಎಂಬ ಪದವಿದೆಯೇ ಎಂದು ನೋಡುವುದನ್ನು ನಾವು ಕಲಿತದ್ದು ಆಮೇಲೆ. ಕನ್ನಡದ ಮೊದಲ ಪತ್ರಿಕೆಯನ್ನು 1843ರಲ್ಲಿ ಮಂಗಳೂರಿನಿಂದ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಕೊನೆಯುಸಿರೆಳೆದದ್ದು ಇದೇ ಎಸ್ಲಿಂಗನ್‌ನಲ್ಲಿ ಎಂದು ಪತಿ ಅಂದು ಸಂಜೆ ಹೇಳಿದರು. ಬಾತ್‌ರೂಮಿನ ಬೇಸಿನ್ನಿನಲ್ಲಿ ಅಕ್ಕಿ ತೊಳೆಯುತ್ತಿದ್ದ ನನಗೆ ಅದರಲ್ಲಿ ಹೆಚ್ಚು ಆಸಕ್ತಿ ಹುಟ್ಟಲಿಲ್ಲ.

ಮನೆಗೆ ಬಂದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆಯ ಮಾಲೀಕರು ಸಹಿ ಮಾಡಿದ ಪತ್ರ ಬೇಕು. ಮೊದಲ ಕೆಲವು ವಾರಗಳಿಗೆ ತಾತ್ಕಾಲಿಕ ವಸತಿ ಹಿಡಿಯುವವರು ಈ ಪತ್ರ ಕೊಡುತ್ತೀರಾ ಎಂದು ಹಣ ಕಟ್ಟುವ ಮೊದಲೇ ಕೇಳಬೇಕು, ಎಲ್ಲರೂ ಕೊಡುವುದಿಲ್ಲ. ನೋಂದಣಿಯ ಅಧಿಕಾರಿ ಪಾಸ್‌ಪೋರ್ಟು, ವಿವಾಹ ಪತ್ರ, ಜನನ ಪತ್ರ ಮೂರನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಪೆನ್ಸಿಲಿನ ತುದಿಯಿಂದ ನನ್ನ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ತಾಳೆ ನೋಡಿದರು. ಐದು ನಿಮಿಷವೂ ಆಗಲಿಲ್ಲ. ನೋಟರಿಯ ಪ್ರಮಾಣಪತ್ರವನ್ನು ಚೀಲದಿಂದ ಹೊರತೆಗೆಯುವ ಅಗತ್ಯವೇ ಬರಲಿಲ್ಲ.

ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ ಎಂದರು. ಅದಿಲ್ಲದಿದ್ದರೆ ಸಂಬಳದಿಂದ ಅತಿ ಹೆಚ್ಚಿನ ದರದಲ್ಲಿ ತೆರಿಗೆ ಮುರಿಯುತ್ತಾರೆ. ಎರಡು ವಾರ ಕಳೆದು ಮೂರನೆಯ ವಾರವೂ ಮುಗಿಯುತ್ತ ಬಂದಾಗ ಕೆಳಮನೆಯ ಅಜ್ಜಿ ನಮ್ಮನ್ನು ಅಂಚೆಪೆಟ್ಟಿಗೆಯ ಬಳಿ ಕರೆದೊಯ್ದು ಬೆರಳು ತೋರಿಸಿದರು. ಇಲ್ಲಿನ ವಿಳಾಸದಲ್ಲಿ ಮನೆಯ ಸಂಖ್ಯೆ ಕಟ್ಟಡಕ್ಕಷ್ಟೇ. ಒಳಗಿನ ಮನೆಗಳನ್ನು ಗುರುತಿಸುವುದು ಅಡ್ಡಹೆಸರಿನಿಂದ. ನಮ್ಮ ಪೆಟ್ಟಿಗೆಯ ಮೇಲೆ ಪತಿಯ ಹೆಸರೊಂದೇ ಇತ್ತು, ನನ್ನ ಹೆಸರಿಗೆ ಬಂದ ಪತ್ರಗಳನ್ನು ಅಂಚೆಯವರು ಹಿಂದಕ್ಕೆ ಕಳುಹಿಸಿದ್ದರು. ಅಂದೇ ರಾತ್ರಿ ಮಗನ ಶಾಲೆಯ ಲೇಬಲ್ ಹಾಳೆಯಿಂದ ಒಂದು ಪಟ್ಟಿ ಕತ್ತರಿಸಿ, ಪಾಸ್‌ಪೋರ್ಟನ್ನು ನೋಡಿಕೊಂಡೇ ಅಪ್ಪನ ಹೆಸರನ್ನು ಬರೆದು ಅಂಟಿಸಿದೆ. ಎರಡನೆಯ ಸಲ ಕೇಳಿಕೊಂಡ ಮೇಲೆ ತೆರಿಗೆ ಕಚೇರಿಯ ಲಕೋಟೆ ಬಂತು. ಆಮೇಲೆ ಕೆಳಮನೆಯ ಅಜ್ಜಿಯೂ ನನ್ನನ್ನು ಅಪ್ಪನ ಹೆಸರಿನಿಂದಲೇ ಕರೆಯತೊಡಗಿದರು.