8×10 ರೂಮಲ್ಲಿ ನನ್ನ ಹೊಲಿಗೆ ಕೋಣೆ, ಎಲ್ರೂ ಆಗಲ್ಲ ಅಂದಿದ್ದು ಆಯ್ತು

ತುಮಕೂರಲ್ಲಿ ಮನೇಲೇ ಬ್ಲೌಸ್ ಹೊಲಿಯೋಳು ನಾನು, ಹತ್ರ ಹತ್ರ ಹದಿನೈದು ವರ್ಷದಿಂದ. ಸ್ಟೋರ್ ರೂಮ್ ಖಾಲಿ ಮಾಡಿ ನಡುಮಧ್ಯಕ್ಕೆ ಕಟಿಂಗ್ ಟೇಬಲ್ ಹಾಕಿಸ್ತೀನಿ ಅಂದಾಗ ಮನೆಯೋರಿಂದ ಹಿಡ್ದು ಮಷಿನ್ ರಿಪೇರಿಯವರ ತನಕ ಎಲ್ರದ್ದೂ ಒಂದೇ ಮಾತು, ಇಷ್ಟು ಜಾಗದಲ್ಲಿ ಟೇಬಲ್ ಮಧ್ಯ ಇಟ್ರೆ ತಿರುಗಾಡೋದೆಲ್ಲಿ, ಗೋಡೆಗೆ ಒತ್ತಿಡು, ಇಲ್ಲಾಂದ್ರೆ ಆ ದುಡ್ಡಲ್ಲಿ ಹೊಸ ಮಷಿನ್ ತಗೋ ಅಂತ. ಹಳೇ ಜೂಕಿ ಮಷಿನ್ ಚೆನ್ನಾಗೇ ಇದೆ, ಸುತ್ತ ಇರೋದು ಸರಿಯಾಗ್ಲಿ ಅಂತ ಹಠ ಹಿಡ್ದೆ. ಈಗ ವರ್ಷದ ಮೇಲಾಯ್ತು. ದಿನಕ್ಕೆ ಮೂರು ಲೈನಿಂಗ್ ಬ್ಲೌಸ್ ಆಗ್ತಿದ್ದಿದ್ದು ಈಗ ಐದು ಆರಾಮಾಗಿ ಆಗ್ತಿದೆ, ಸಂಜೆ ಸೊಂಟ ಹಿಡಿಯಲ್ಲ.

ಟೇಬಲ್ ಕತೆ ಮೊದ್ಲು. ರೆಡಿಮೇಡ್ ಕಟಿಂಗ್ ಟೇಬಲ್ ಕೇಳಿದ್ರೆ ಹದಿನೈದು ಸಾವಿರದ ಮೇಲೆ ಹೇಳಿದ್ರು. ನಾನು ಒಂದು ಫ್ಲಶ್ ಡೋರ್, ಅಂದ್ರೆ ಸಪಾಟಾಗಿರೋ ಪ್ಲೈವುಡ್ ಬಾಗಿಲು ತಂದೆ, ಸುಮಾರು 2,800 ಇರ್ಬೇಕು. ಅದನ್ನ ಐದಡಿಗೆ ಕೊಯ್ಸಿ ಸ್ಕ್ವೇರ್ ಪೈಪಿನ ಸ್ಟ್ಯಾಂಡ್ ಮೇಲೆ ಕೂರ್ಸಿದ್ದು, ವೆಲ್ಡಿಂಗ್ ಎಲ್ಲ ಸೇರಿ ಮೂರೂವರೆ ಸಾವಿರ. ವೆಲ್ಡಿಂಗ್‌ನವರು ಊಟದ ಟೇಬಲ್ ಅಳತೆಗೆ 30 ಇಂಚು ಮಾಡಿ ತಂದ್ರು, ಬರೆದು ಕೊಟ್ಟಿದ್ದು 36! ಮತ್ತೆ ಕಾಲಿಗೆ ಪೈಪ್ ಸೇರಿಸಿದ್ರು, ಅದಕ್ಕೂ ಐನೂರು ತಗೊಂಡ್ರು. ನಾನು ಐದಡಿ ಎರಡಿಂಚು, ನಿಂತಾಗ ಮೊಣಕೈಗಿಂತ ಮೂರ್ನಾಲ್ಕು ಇಂಚು ಕೆಳಗೆ ಟೇಬಲ್ ಬಂದ್ರೆ ಬೆನ್ನು ಬಗ್ಗಲ್ಲ, ನಿಮ್ಮ ಎತ್ತರಕ್ಕೆ ನೀವೇ ನೋಡ್ಕೊಳ್ಳಿ. ಮೇಲೆ ಹೊಳಪಿನ ಸನ್‌ಮೈಕಾ ಹಾಕ್ಸಿದ್ದು ನಿಲ್ಲಲಿಲ್ಲ, ಕ್ರೇಪು, ಜಾರ್ಜೆಟ್ಟು ಎಲ್ಲ ಸರ್ರಂತ ಜಾರೋದು. ಮ್ಯಾಟ್ ಶೀಟ್ ಹಾಕ್ಸಿದ್ಮೇಲೆ ಸರಿಹೋಯ್ತು. ಸಾಫ್ಟ್ ಸಿಲ್ಕ್ ಜಾರದೇ ಇರೋಕೆ ಇನ್ನೊಂದು ಉಪಾಯ ಮಾಡ್ತೀನಿ, ಅದು ನನ್ನ ಹತ್ರನೇ ಇರ್ಲಿ.

ಮಧ್ಯದಲ್ಲಿ ಯಾಕೆ ಅಂದ್ರೆ ಬಟ್ಟೆ ತಿರುಗಿಸೋದೇ ಬೇಡ, ನಾವು ಸುತ್ತ ನಡೆದ್ರಾಯ್ತು. ಗುಳೇದಗುಡ್ಡದ ಖಣ ತಂದುಕೊಡೋ ಕಸ್ಟಮರ್ಸ್ ಇದಾರೆ, ಬಾರ್ಡರ್ ಎರಡೂ ತೋಳಿಗೆ ಒಂದೇ ಸಮ ಕೂರ್ಬೇಕು, ಒಂದ್ಸಲ ಹಾಸಿದ್ದನ್ನ ಎಳೆದಾಡಿದ್ರೆ ಗ್ರೇನೇ ಹೋಯ್ತು, ಅಂದ್ರೆ ಬಟ್ಟೆ ನೂಲಿನ ನೇರ ತಪ್ತು. ಎರಡೂ ಬದಿ ಎರಡೂವರೆ ಅಡಿ ಜಾಗ ಸಿಕ್ಕಿದೆ, ಧಾರಾಳ.

ಫ್ಲಶ್ ಡೋರ್ ಕೊಯ್ದಾಗ ಉಳಿದ ತುಂಡು ಬಿಸಾಡ್ಬೇಡಿ. ಅದಕ್ಕೆ ಹಳೇ ಕಂಬಳಿ ಎರಡು ಮಡಿಕೆ, ಮೇಲೆ ಬಿಳಿ ಕಾಟನ್ ಸುತ್ತಿ ಸ್ಟೇಪಲ್ ಹೊಡೆದು ಮಷಿನ್ ಪಕ್ಕದ ಗೋಡೆಗೆ ಬ್ರಾಕೆಟ್ ಹಾಕ್ಸಿದೀನಿ, ಕೂತಲ್ಲಿಂದ ತಿರುಗಿದ್ರೆ ಇಸ್ತ್ರಿ. ಈ ರೂಮಲ್ಲಿ ಅತಿ ಹೆಚ್ಚು ಲಾಭ ತಂದಿದ್ದು ಇದೇ ಅಂತ ಖಡಾಖಂಡಿತವಾಗಿ ಹೇಳ್ತೀನಿ. ಮುಂಚೆ ಇಸ್ತ್ರಿ ಹಾಲಲ್ಲಿತ್ತು, ಪ್ರತಿ ಡಾಟಿಗೂ (ಅಳತೆಗೆ ಕೂರೋಕೆ ಹೊಲಿಯೋ ಮಡಿಕೆ) ಎದ್ದು ಹೋಗೋಕಾಗುತ್ತಾ? ಈಗ ಪ್ರಿನ್ಸೆಸ್ ಕಟ್ ಜಾಯಿಂಟು, ಪೈಪಿಂಗು, ಎಲ್ಲಾ ಹೊಲಿದ ತಕ್ಷಣ ಪ್ರೆಸ್. ಫಿನಿಶಿಂಗ್ ನೋಡಿನೇ 400 ಇದ್ದ ರೇಟು 600 ಮಾಡ್ದೆ, ಒಬ್ರೂ ಚೌಕಾಸಿ ಮಾಡ್ಲಿಲ್ಲ. ಇಸ್ತ್ರಿ ಪ್ಲಗ್ಗಿಗೆ ಮಾತ್ರ 16 ಆಂಪ್ ಬೇರೆ ಲೈನ್ ಎಳೆಸಿ.

ಮಷಿನ್‌ಗೆ ಮಾಡ್ಸಿದ್ದು ಒಂದೇ ಕೆಲ್ಸ, ಕ್ಲಚ್ ಮೋಟರ್ ತೆಗೆಸಿ ಸರ್ವೋ ಮೋಟರ್ ಹಾಕ್ಸಿದ್ದು. ಐದು ಸಾವಿರದ ಆಸುಪಾಸು, ಗೃಹಲಕ್ಷ್ಮಿ ದುಡ್ಡು ತಿಂಗಳಿಗೆ 2,000 ಬಂದಿದ್ದನ್ನ ಮುಟ್ಟದೆ ಇಟ್ಟಿದ್ದೆ. ಕ್ಲಚ್ಚು ಸ್ವಿಚ್ ಹಾಕಿದ್ರೆ ಹೊಲೀಲಿ ಬಿಡ್ಲಿ ಗುಂಯ್ ಅಂತಾನೇ ಇರುತ್ತೆ, ನಮ್ಮನೆ ಇನ್ವರ್ಟರ್ ಅದಕ್ಕೆ ಟ್ರಿಪ್ ಆಗ್ತಿತ್ತು. ಸರ್ವೋ ಪೆಡಲ್ ಒತ್ತಿದಾಗ ಮಾತ್ರ ತಿರುಗೋದು, ಕರೆಂಟ್ ಹೋದ್ರೂ ಇನ್ವರ್ಟರಲ್ಲಿ ಹೊಲೀಬಹುದು, ನೆಕ್ ತಿರುವಲ್ಲಿ ಒಂದೊಂದೇ ಹೊಲಿಗೆ ನಿಧಾನಕ್ಕೆ ಹಾಕ್ಬಹುದು. ಸದ್ದು ಇನ್ನೂ ಕಮ್ಮಿ ಆಗ್ಲಿ ಅಂತ ಮಷಿನ್ ಕಾಲಿನಡಿ ಥರ್ಮಾಕೋಲ್ ಇಟ್ಟು ನೋಡ್ದೆ, ವಾರದಲ್ಲಿ ಪುಡಿಪುಡಿ. ಯೋಗಾ ಮ್ಯಾಟ್ ತುಂಡಿಟ್ರೆ ಮಷಿನ್ ಓಲಾಡುತ್ತೆ. ಸ್ಕೂಟರ್ ಟ್ಯೂಬ್ ಕತ್ತರಿಸಿ ಮಡಚಿ ಇಟ್ಟಿದ್ದು ಗಟ್ಟಿಯಾಗಿ ನಿಂತಿದೆ, ಪಂಕ್ಚರ್ ಅಂಗಡೀಲಿ ಪುಕ್ಕಟೆ ಸಿಗುತ್ತೆ.

ಬೆಳಕು ಎಡಗಡೆಯಿಂದ ಬರ್ಬೇಕು, ಬಲಗಡೆ ಕಿಟಕಿ ಇದ್ರೆ ಮಷಿನ್ ತಲೆಯ ನೆರಳೇ ಸೂಜಿ ಮೇಲೆ ಬೀಳುತ್ತೆ, ಅದಕ್ಕೇ ಮಷಿನ್ ದಿಕ್ಕೇ ತಿರುಗಿಸಿಟ್ಟೆ. ಟೇಬಲ್ ಮೇಲೆ ಮೊದ್ಲು ಮಾಮೂಲಿ ಬಿಳಿ ಎಲ್‌ಇಡಿ ಪಟ್ಟಿ ಇತ್ತು, ಅದರಡಿ ಮ್ಯಾಚ್ ಆದ ದಾರ ಬಿಸಿಲಿಗೆ ಹಿಡಿದ್ರೆ ಬೇರೆ ಕಲರ್, ಮರೂನ್‌ನಲ್ಲಂತೂ ಗೋಳು. 4000 ಕೆ (ಬೆಳಕಿನ ಬಣ್ಣದ ಅಳತೆ), ಸಿಆರ್‌ಐ 90 (ಬಟ್ಟೆ ಬಣ್ಣ ಎಷ್ಟು ನಿಜವಾಗಿ ಕಾಣುತ್ತೆ ಅನ್ನೋ ಅಳತೆ) ಅಂತ ಬರೆದಿರೋ ಲೈಟ್ ಹುಡುಕಿ ತಂದೆ, ಒಂದಕ್ಕೆ ಎಂಟುನೂರೋ ಒಂಬೈನೂರೋ. ಈಗ ದಾರ ಹಿಡ್ಕೊಂಡು ಬಾಗಿಲಿಗೆ ಓಡೋದು ತಪ್ತು. ಸೂಜಿ ಹತ್ರ ಮ್ಯಾಗ್ನೆಟ್ ಲೈಟ್ ಇದ್ದೇ ಇದೆ.

ಚಕ್ರದ ಚೇರ್ ತಗೊಳ್ಬೇಡಿ ಅಂತ ಹೇಳಲ್ಲ, ಚಕ್ರ ಬಿಚ್ಚಿ ರಬ್ಬರ್ ಬುಷ್ ಹಾಕ್ಕೊಳ್ಳಿ. ಚಕ್ರ ಇದ್ರೆ ಪೆಡಲ್ ಒತ್ತಿದಾಗೆಲ್ಲ ಹಿಂದಕ್ಕೆ ಜಾರುತ್ತೆ, ಸೀಟು ಮೇಲೆ ಕೆಳಗೆ ಮಾಡೋದು ಮಾತ್ರ ನಮಗೆ ಬೇಕಾಗಿರೋದು. ಸೀಲಿಂಗ್ ಫ್ಯಾನ್ ಪೇಪರ್ ಪ್ಯಾಟರ್ನ್ ಎಲ್ಲ ಹಾರಿಸ್ತಿತ್ತು, ವಾಲ್ ಫ್ಯಾನ್ ಒಂದನ್ನ ಟೇಬಲ್ ಮಟ್ಟಕ್ಕಿಂತ ಕೆಳಗೆ ಹಾಕ್ಸಿದೀನಿ, ಕಾಲಿಗೆ ಗಾಳಿ, ಪೇಪರ್ ಅಲ್ಲಾಡಲ್ಲ. ಎಲೆಕ್ಟ್ರಿಷಿಯನ್ ನಂಬದೇ ಎರಡೆರಡು ಸಲ ಕೇಳಿದ್ರು.

ಒಟ್ಟು ಖರ್ಚು ಇಪ್ಪತ್ತೈದು ಸಾವಿರದ ಒಳಗೇ ಬಂತು. ಲೈನಿಂಗ್ ಈಗ ಚಿಕ್ಕಪೇಟೆಯಿಂದ ಥಾನ್‌ಗಟ್ಟಲೆ ತರ್ತೀನಿ, ಬೆಳಗ್ಗೆ ಟ್ರೈನು, ಮೆಜೆಸ್ಟಿಕ್‌ನಿಂದ ಮೆಟ್ರೋ ಒಂದೇ ಸ್ಟಾಪು. 2×2 ರುಬಿಯಾ ಬಟ್ಟೆ ತಂದ ತಕ್ಷಣ ನೆನೆಸಿ ಒಣಗ್ಸಿ ಟೇಬಲ್ ಕೆಳಗಿನ ಶೆಲ್ಫಲ್ಲಿ ಬಣ್ಣದ ಪ್ರಕಾರ ಜೋಡ್ಸಿದೀನಿ. ಕಿಟಕಿ ಪಕ್ಕ ಎರಡಡಿ ಖಾಲಿ ಬಿಟ್ಟಿದೀನಿ, ಮೂರು ದಾರದ ಓವರ್‌ಲಾಕ್‌ಗೆ, ಅಂದ್ರೆ ಬಟ್ಟೆ ಅಂಚು ಬಿಡದ ಹಾಗೆ ಹೊಲಿಯೋ ಮಷಿನ್‌ಗೆ. ಸೆಕೆಂಡ್ ಹ್ಯಾಂಡ್ 14,000 ಹೇಳ್ತಿದಾರೆ, ಹನ್ನೆರಡಕ್ಕೆ ಇಳಿದ್ರೆ ಶ್ರಾವಣದ ಆರ್ಡರ್ ಶುರುವಾಗೋಕೆ ಮುಂಚೆ ತಂದು ಕೂರ್ಸೋದೇ.